ಬಚ್ಚಲುಮನೆಯಲ್ಲಿ ಬರುವ ಮೂರ್ಛೆ

ಎಣ್ಣೆಸ್ನಾನವೆಂದರೆ ನಮ್ಮವರಿಗೆ ಹಬ್ಬವೇ ಸರಿ. ಹಂಡೆಯ ತುಂಬ ಕಾದ ನೀರು, ತಲೆಯ ಮೇಲೆ ಚೊಂಬಿನ ಹಿಂದೆ ಚೊಂಬು! ಈ ಸುಖವೇ ಕೆಲವರಿಗೆ ಮುಳುವಾಗುವುದುಂಟೆಂದರೆ ವಾಚಕರು ಬೆರಗಾಗಬಹುದು. ನೀರು ಬೀಳುತ್ತಿದ್ದಂತೆಯೇ ದೃಷ್ಟಿ ಶೂನ್ಯದಲ್ಲಿ ನೆಡುವುದು, ಮಾತು ತಡವರಿಸುವುದು, ಎಚ್ಚರ ತಪ್ಪುವುದು. ಗಾಳಿ ಸೋಂಕಿತೆಂದು ಮನೆಯವರು ತಾಯಿತ ಕಟ್ಟಿಸುವುದೂ ಉಂಟು.

ಇದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ, ಮಿದುಳಿನ ಬೇನೆ. ಬಿಸಿನೀರಿನ ಅಪಸ್ಮಾರವೆಂದು ಇದಕ್ಕೆ ಹೆಸರು. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದಿತು. ಲೋಕದಲ್ಲಿ ವಿರಳವಾದ ಈ ಬೇನೆ ದಕ್ಷಿಣ ಕರ್ನಾಟಕದಲ್ಲಿ ಅಷ್ಟು ವಿರಳವಲ್ಲ. 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸಿನ ಡಾ. ಸತೀಶಚಂದ್ರರೂ ಸಂಗಡಿಗರೂ 279 ಮಂದಿ ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಬಿಸಿನೀರು ತಲೆಯ ಮೇಲೆ ಬೇಗಬೇಗನೆ ಬೀಳುವುದೇ ಇದಕ್ಕೆ ಪ್ರಚೋದನೆ. ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿಯೂ ಕಾಣುತ್ತದೆ. ವಿಚಿತ್ರವೆಂದರೆ, ಕೆಲವರಿಗೆ ಆ ಕ್ಷಣ ಹಿತವೆನಿಸಿ, ಬೇಡವೆಂದರೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ನೋಡುವವರಿಗೆ ಅದು ಬರಿಯ ಹಠ.

ಪರಿಹಾರ ಕಠಿಣವಲ್ಲ. ನೀರು ಉಗುರುಬೆಚ್ಚಗಿರಲಿ, ಮೊದಲು ಮೈಗೆ, ಕೊನೆಗೆ ತಲೆಗೆ, ಅದೂ ಮೆಲ್ಲನೆ. ಬಾಗಿಲಿಗೆ ಅಗುಳಿ ಬೇಡ, ಹತ್ತಿರದಲ್ಲಿ ಒಬ್ಬರಿರಲಿ, ಒಲೆ, ಹಂಡೆಗಳು ದೂರವಿರಲಿ. ಇಷ್ಟಕ್ಕೂ ನಿಲ್ಲದಿದ್ದರೆ, ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ನುಂಗುವ ಗುಳಿಗೆಯನ್ನು ವೈದ್ಯರು ಕೊಡುವುದುಂಟು. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಮೂರ್ಛೆ ಬರಬಹುದು. ಆದ್ದರಿಂದ ಅಲಕ್ಷ್ಯ ಸಲ್ಲದು.

ಕೋಲಾರದಿಂದ ಬೆಂಗಳೂರು ಸುಮಾರು 70 ಕಿಲೋಮೀಟರು. ದೇವರಿಗೆ ಹರಕೆ ಹೊರುವವರು ಹೊರಲಿ; ಆದರೆ ವೈದ್ಯರನ್ನು ಕಾಣುವುದನ್ನು ನಾಳೆಗೆಂದು ಮುಂದೂಡದಿರಲಿ.