ನಜರೇತಿನವರೂ ಹಳಿಯಾಳದವರೂ

ನಥಾನಿಯೇಲನು ಯೇಸುಸ್ವಾಮಿಯವರನ್ನು ಕಾಣುವುದಕ್ಕೆ ಮೊದಲೇ, ಅವರ ಊರಿನ ಹೆಸರನ್ನು ಕೇಳಿದೊಡನೆ ಮೂಗು ಮುರಿದ ಪ್ರಸಂಗವು ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ನಜರೇತಿನವರೆಂದರೆ ಇಂಥವರೇ ಎಂಬ ತೀರ್ಮಾನ ಅವನ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿತ್ತು. ಫಿಲಿಪ್ಪನು ಅವನೊಡನೆ ವಾದಕ್ಕೆ ನಿಲ್ಲಲಿಲ್ಲ. ಬಂದು ನೋಡೆಂದು ಕರೆದೊಯ್ದನು. ಜನಾಂಗದ ಹೆಸರಿನಲ್ಲಿ ಮನುಷ್ಯರನ್ನು ಅಳೆಯುವ ಪೂರ್ವಗ್ರಹಕ್ಕೆ ಇದಕ್ಕಿಂತ ಸರಳವಾದ ಮದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮದ್ದು ನಮಗೆಷ್ಟು ಅಗತ್ಯವೆಂದು ತಿಳಿಯಲು ಅಮೆರಿಕದ ಸುದ್ದಿಯನ್ನು ಓದಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರು ತಲೆಮಾರುಗಳಿಂದ ಬಾಳುತ್ತಿದ್ದಾರೆ. 2011ರ ಜನಗಣತಿಯು ಕರ್ನಾಟಕದಲ್ಲಿ 10,477 ಮಂದಿ ಸಿದ್ದಿಗಳನ್ನು ಲೆಕ್ಕ ಹಾಕಿತು. ಇವರಲ್ಲಿ ಹಲವರ ಪೂರ್ವಜರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟದ ಕಾಡನ್ನು ಸೇರಿದರು. ಅವರನ್ನು ಮಾರಿದವರಲ್ಲಿ, ಕೊಂಡವರಲ್ಲಿ ಶಿಲುಬೆಯ ಗುರುತು ಮಾಡುವವರೂ ಇದ್ದರೆಂಬುದನ್ನು ನಾವು ಮುಚ್ಚಿಡಬಾರದು.

ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಕ್ರೈಸ್ತ ಸಿದ್ದಿಗಳು ಹೆಚ್ಚಾಗಿ ಹಳಿಯಾಳದ ಕಡೆಯವರು. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತಕ್ಕೆ ಸೇರಿದವರು. ಮನೆಯಲ್ಲಿ ಆಡುವುದು ಅವರದೇ ಧಾಟಿಯ ಕೊಂಕಣಿ. ಜುಜೆ ಎಂಬ ಹೆಸರು ಅಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ನಮ್ಮ ಹಿರಿಯರೂ ಗೋವೆಯನ್ನು ಬಿಟ್ಟು ಬಂದವರೇ ಅಲ್ಲವೇ? ಆದರೂ ಸಿದ್ದಿ ತರುಣನೊಬ್ಬನು ಹಂಪನಕಟ್ಟೆಯಲ್ಲಿ ಬಸ್ಸಿಳಿದರೆ, ಯಾವ ದೇಶದವನೆಂದು ಅವನನ್ನು ಇಂಗ್ಲಿಷಿನಲ್ಲಿ ವಿಚಾರಿಸುವವರು ನಾವೇ.

ಪೂರ್ವಗ್ರಹವು ಯಾವಾಗಲೂ ನಿಂದೆಯ ವೇಷದಲ್ಲಿ ಬರುವುದಿಲ್ಲ. 1980ರ ದಶಕದ ಉತ್ತರಾರ್ಧದಲ್ಲಿ, ನಮ್ಮ ಮಂಗಳೂರಿನವರೇ ಆದ ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯನ್ನು ನೋಡಿಕೊಳ್ಳುತ್ತಿದ್ದಾಗ, ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾಪಟುಗಳನ್ನಾಗಿ ತರಬೇತಿಗೊಳಿಸುವ ಯೋಜನೆಯನ್ನು ಭಾರತೀಯ ಕ್ರೀಡಾ ಪ್ರಾಧಿಕಾರ ಕೈಗೊಂಡಿತು. ಉದ್ದೇಶ ಒಳ್ಳೆಯದೇ, ಮಕ್ಕಳಿಗೆ ಊಟ, ಶಿಕ್ಷಣ, ಊರಾಚೆಯ ಲೋಕ ದೊರೆಯಿತು. ಆದರೆ ಆಫ್ರಿಕಾದ ಮೂಲದವರಾದುದರಿಂದ ಓಟ ಇವರಿಗೆ ಹುಟ್ಟಿನಿಂದಲೇ ಬಂದಿರಬೇಕು ಎಂಬ ಎಣಿಕೆ ಆ ಆಯ್ಕೆಯ ಹಿಂದಿತ್ತು. 1993ರಲ್ಲಿ ಯೋಜನೆ ನಿಂತುಹೋದಾಗ ಹಲವರು ಬಂದ ದಾರಿಯಲ್ಲೇ ಊರಿಗೆ ಮರಳಿದರು. ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಜನಾಂಗವು 2003ರವರೆಗೆ ಕಾಯಬೇಕಾಯಿತು. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದ್ದು 2020ರಲ್ಲಿ. ಕಾಲಿನ ಬಲವನ್ನು ಬೇಗನೆ ಗುರುತಿಸಿದ ನಾಡಿಗೆ, ತಲೆಯ ಬಲ ಕಾಣಲು ಇಷ್ಟು ಕಾಲ ಬೇಕಾಯಿತು!

ನಿಂದೆಯ ವೇಷದಲ್ಲಿ ಬಂದಾಗ ಅದರ ರೂಪ ಭೀಕರ. 2016ರ ಜನವರಿ 31ರಂದು ಬೆಂಗಳೂರಿನಲ್ಲಿ ಸುಡಾನ್ ದೇಶದವನೊಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಬಳಿಕ ಆ ದಾರಿಯಾಗಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಬಣ್ಣವೊಂದನ್ನು ಬಿಟ್ಟರೆ ಆಕೆಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. 2012ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ತಮ್ಮ ಪರವಾಗಿ ನೆರೆಮನೆಯವರು ನಿಂತಾರೆಂಬ ಭರವಸೆ ಅವರಲ್ಲಿ ಎಷ್ಟು ಮಂದಿಗೆ ಇದ್ದಿರಬಹುದು?

ಈ ಭರವಸೆಯನ್ನು ಹುಟ್ಟಿಸುವುದು ಭಾಷಣದಿಂದ ಆಗುವ ಕೆಲಸವಲ್ಲ. ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ವಿದೇಶಗಳ ವಿದ್ಯಾರ್ಥಿಗಳು ಓದುತ್ತಾರೆ. ನಗರದ ಕಾಲೇಜುಗಳಲ್ಲಿ, ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ಈಶಾನ್ಯದ ಯುವಜನರಿದ್ದಾರೆ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಪಯಣಿಸುವವರು, ಬಾಡಿಗೆಗೆ ಮನೆ ಕೇಳಿ ಬಂದಾಗ ಮುಖ ನೋಡಿ ಇಲ್ಲವೆನ್ನುವವರು, ಮಣಿಪುರದ ಹುಡುಗಿಯನ್ನು ಚೀನಾದವಳೆಂದು ಕರೆದು ನಗುವವರು ತಮ್ಮನ್ನು ಕ್ರೂರರೆಂದು ಎಂದೂ ಭಾವಿಸುವುದಿಲ್ಲ. ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ಖರ್ಚಿಲ್ಲ. ಊಟದ ಮೇಜಿನ ಬಳಿ ಬಂಧುವೊಬ್ಬರು ಬಣ್ಣದ ಬಗ್ಗೆ ಹಾಸ್ಯ ಮಾಡಿದಾಗ ಮಕ್ಕಳೆದುರಿನಲ್ಲಿ ಅದನ್ನು ಮೆಲ್ಲನೆ ತಡೆಯುವುದಕ್ಕೆ ಮಾತ್ರ ತುಸು ಧೈರ್ಯ ಬೇಕು.

ಯೇಸುಸಭೆಯ ಸಂತ ಪೀಟರ್ ಕ್ಲೇವರ್ ಅವರು ದಕ್ಷಿಣ ಅಮೆರಿಕದ ಕಾರ್ತಹೇನಾ ಬಂದರಿನಲ್ಲಿ ಮಾಡಿದ್ದೂ ಇಂಥ ಕೆಲಸವನ್ನೇ. ಆಫ್ರಿಕಾದಿಂದ ಗುಲಾಮರ ಹಡಗು ಬಂದೊಡನೆ ಅವರು ದುರ್ಗಂಧದ ತಳಮನೆಗೆ ಇಳಿಯುತ್ತಿದ್ದರು. ಕೈಯಲ್ಲಿ ನೀರು, ಹಣ್ಣು, ಔಷಧ. ಬಂದವರ ಮಾತು ತಿಳಿಯಲೆಂದು ಜತೆಗೆ ದುಭಾಷಿಗಳನ್ನು ಕರೆದೊಯ್ಯುತ್ತಿದ್ದರು. ಉಪದೇಶ ಆಮೇಲೆ. ಗುಲಾಮಗಿರಿಯನ್ನು ಅವರೊಬ್ಬರಿಂದ ನಿಲ್ಲಿಸಲಾಗಲಿಲ್ಲ, ನಿಜ. ಅವರು ಕಾಲವಾದದ್ದು 1654ರ ಸೆಪ್ಟೆಂಬರ್ 8ರಂದು, ಅಂದರೆ ನಮ್ಮ ಮೊಂತಿ ಹಬ್ಬದ ದಿನ. ಅವರ ಸ್ಮರಣೆಯ ದಿನ ಅದರ ಮರುದಿನವೇ.

ಆ ಹಬ್ಬದಂದು ಇಗರ್ಜಿಯಲ್ಲಿ ಹೊಸ ತೆನೆಗೆ ಆಶೀರ್ವಾದ, ಮಕ್ಕಳಿಗೆ ಕಬ್ಬು, ಮನೆಯಲ್ಲಿ ಬಾಳೆಲೆಯ ಮೇಲೆ ತರಕಾರಿಯೂಟ. ದೂರದೂರಿನ ಬಂಧುಗಳಿಗೂ ತೆನೆ ಕಳುಹಿಸುವ ಪದ್ಧತಿ ನಮ್ಮದು. ಈ ಸಲ ಹತ್ತಿರದ ಹಾಸ್ಟೆಲಿನಲ್ಲಿ ರಜೆಗೂ ಊರಿಗೆ ಹೋಗಲಾಗದೆ ಉಳಿದಿರುವ ಒಬ್ಬಿಬ್ಬರನ್ನು ಕರೆಯಿರಿ. ನಾಗಾಲ್ಯಾಂಡ್, ಮಿಜೋರಾಂ ಕಡೆಯವರಲ್ಲಿ ಹಲವರು ಕ್ರೈಸ್ತರೇ. ಆಗಿರದಿದ್ದರೂ ಊಟಕ್ಕೆ ಅಡ್ಡಿಯಿಲ್ಲ. ಅವರು ಬರುವ ಮೊದಲು, ಅವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಮನೆಯ ಮಕ್ಕಳಿಗೆ ಕಲಿಸಿರಿ.