ಹಿತ್ತಲಿಗೆ ಬಂದ ಹಳದಿ ಪೈಪು

ಜೋಳದ ತೆನೆ ಅರ್ಧ ಸುಟ್ಟಿದೆ, ಪನೀರ್ ತುಂಡುಗಳು ಒಂದು ಮಗ್ಗುಲಲ್ಲಿ ಮಾತ್ರ ಕೆಂಪಾಗಿವೆ. ಅಷ್ಟರಲ್ಲಿ ಒಲೆಯ ನೀಲಿ ಜ್ವಾಲೆ ಎರಡು ಸಲ ತೂಕಡಿಸಿ ನಂದಿಹೋಗುತ್ತದೆ. ಸಿಲಿಂಡರ್ ಖಾಲಿ. ಟೊರಾಂಟೊ ಮಗ್ಗುಲಿನ ಮಿಸಿಸಾಗಾ, ಬ್ರ್ಯಾಂಪ್ಟನ್‌ಗಳ ಹಿತ್ತಲುಗಳಲ್ಲಿ ಜುಲೈ ತಿಂಗಳ ಶನಿವಾರ ಸಂಜೆ ಇದೇನೂ ಅಪರೂಪದ ಪ್ರಸಂಗವಲ್ಲ. ಮನೆಯ ಯಜಮಾನ ಸಿಲಿಂಡರ್ ಎತ್ತಿ ಅಲ್ಲಾಡಿಸಿ ನೋಡುತ್ತಾನೆ, ಅಲ್ಲಾಡಿಸಿದರೆ ತುಂಬೀತು ಎಂಬಂತೆ. ಆಮೇಲೆ ಅದನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಪೆಟ್ರೋಲ್ ಬಂಕಿನ ಕಡೆ ದೌಡಾಯಿಸುತ್ತಾನೆ. ನೆಂಟರು ತಟ್ಟೆ ಹಿಡಿದು ಹವಾಮಾನದ ಬಗ್ಗೆ ಮಾತಾಡುತ್ತಾರೆ.

ತಮಾಷೆಯೆಂದರೆ, ಅವನ ಬೆನ್ನಹಿಂದಿನ ಗೋಡೆಯಾಚೆ ವರ್ಷವಿಡೀ ಮುಗಿಯದ ಗ್ಯಾಸ್ ಇದೆ. ನೆಲಮಾಳಿಗೆಯ ಫರ್ನೇಸಿಗೆ, ಬಿಸಿನೀರಿನ ಹಂಡೆಗೆ, ಎಷ್ಟೋ ಮನೆಗಳಲ್ಲಿ ಅಡುಗೆ ಒಲೆಗೂ ಬೀದಿಯಿಂದ ಬರುವ ಪೈಪಿನಲ್ಲಿ ನೈಸರ್ಗಿಕ ಅನಿಲ ಹರಿಯುತ್ತಲೇ ಇರುತ್ತದೆ. ಆ ಪೈಪಿಗೆ ಒಂದು ಕವಲು ಹಾಕಿ ಬಾರ್ಬೆಕ್ಯೂ ಒಲೆಗೆ ಸೇರಿಸಿಬಿಟ್ಟರೆ ಸಿಲಿಂಡರಿನ ಕಾಟವೇ ತಪ್ಪಿತಲ್ಲ? ತಪ್ಪುತ್ತದೆ, ನಿಜ. ಆದರೆ ಈ ಕೆಲಸ ತೋಟದ ಕೊಳಾಯಿಗೆ ರಬ್ಬರ್ ಪೈಪು ಸಿಕ್ಕಿಸಿದಷ್ಟು ಹಗುರವಲ್ಲ.

ಮೊದಲ ತೊಡಕು ಅಂಗೈ ಮೇಲಿಟ್ಟು ನೋಡುವಷ್ಟು ಚಿಕ್ಕದು. ಗ್ರಿಲ್ಲಿನ ಗುಂಡಿ ತಿರುಗಿಸಿದಾಗ ಅನಿಲ ಬರ್ನರಿನೊಳಕ್ಕೆ ನುಗ್ಗುವ ಜಾಗದಲ್ಲಿ ಹಿತ್ತಾಳೆಯ ಒಂದು ಟೊಪ್ಪಿ ಇರುತ್ತದೆ. ಕಿರುಬೆರಳಿನ ಉಗುರಿನಷ್ಟು ಗಾತ್ರ, ನಡುವೆ ಸೂಜಿಯಲ್ಲಿ ಚುಚ್ಚಿದಂಥ ತೂತು. ನಮ್ಮ ಒಲೆ ರಿಪೇರಿಯವರು ಇದನ್ನೇ ಜೆಟ್ ಎನ್ನುವುದು. ಸಿಲಿಂಡರಿನ ಪ್ರೊಪೇನಿಗೆಂದು ಮಾಡಿದ ಗ್ರಿಲ್ಲಿನಲ್ಲಿ ಆ ತೂತು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಗಲ. ಪೈಪಿನ ಅನಿಲಕ್ಕೆ ಮಾಡಿದ್ದರಲ್ಲಿ ಒಂದೂವರೆಯ ಆಸುಪಾಸು. ಎರಡು ಜೆಟ್‌ಗಳನ್ನು ಬೆಳಕಿಗೆ ಹಿಡಿದರೂ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಹೊಳೆಯುವುದು ಕಷ್ಟ. ಆದರೆ ಒಲೆಯ ಹಣೆಬರಹವೆಲ್ಲ ಇರುವುದು ಆ ಅರ್ಧ ಮಿಲಿಮೀಟರಿನಲ್ಲೇ.

ಕಾರಣ ಸರಳ. ಒಂದು ಘನ ಅಡಿ ಪ್ರೊಪೇನ್ ಉರಿದರೆ ಸುಮಾರು 2,500 ಬಿಟಿಯು ಶಾಖ. ಮೀಥೇನೇ ಮುಖ್ಯವಾಗಿರುವ ನೈಸರ್ಗಿಕ ಅನಿಲ ಅಷ್ಟೇ ಉರಿದರೆ ಸಾವಿರದ ಚಿಲ್ಲರೆ. ಸಾಲದ್ದಕ್ಕೆ, ಪ್ರೊಪೇನ್ ಗ್ರಿಲ್ಲಿಗೆ ಹೋಗುವುದು 11 ಅಂಗುಲ ನೀರಿನ ಒತ್ತಡದಲ್ಲಿ, ಪೈಪಿನ ಅನಿಲ ಸಾಮಾನ್ಯವಾಗಿ 7 ಅಂಗುಲದಲ್ಲಿ. ಒತ್ತಡವನ್ನು ನೀರಿನ ಅಂಗುಲದಲ್ಲಿ ಅಳೆಯುವುದು ಅನಿಲದ ಕೆಲಸದವರ ಹಳೆಯ ರೂಢಿ. ‘ಯು’ ಆಕಾರದ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಒಂದು ತುದಿಗೆ ಅನಿಲ ಬಿಟ್ಟರೆ ಎರಡು ಕಡೆಯ ನೀರಿನ ಮಟ್ಟದಲ್ಲಿ ಏಳು ಅಂಗುಲ ವ್ಯತ್ಯಾಸ ಬರುತ್ತದೆ. ಶಾಲೆಗೆ ಹೋಗುವ ಮಗು ಊದಿದರೂ ಬರುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡಕ್ಕೆ ಹೋಲಿಸಿದರೆ ಇದು ನೂರರಲ್ಲೊಂದು ಪಾಲೂ ಅಲ್ಲ. ಶಕ್ತಿ ಕಡಿಮೆ, ತಳ್ಳುವ ಬಲವೂ ಕಡಿಮೆ. ಹಾಗಾಗಿ ಅಷ್ಟೇ ಬೆಂಕಿ ಬೇಕಿದ್ದರೆ ಬಾಗಿಲು ದೊಡ್ಡದಾಗಬೇಕು.

ಪ್ರೊಪೇನಿನ ಜೆಟ್ ಇಟ್ಟುಕೊಂಡೇ ಪೈಪಿಗೆ ಜೋಡಿಸಿದವನಿಗೆ ಸಿಗುವುದು ನಂದಾದೀಪ. ಅದರಲ್ಲಿ ಹಪ್ಪಳವೂ ಸುಡದು. ತಿರುವುಮುರುವಾದರೆ ನಗುವ ಮಾತಲ್ಲ. ಪೈಪಿನ ಅನಿಲದ ಗ್ರಿಲ್ಲಿಗೆ ಸಿಲಿಂಡರ್ ಹಚ್ಚಿದರೆ ಹಳದಿ ನಾಲಗೆ ಚಾಚುವ ಉರಿ, ಮಸಿ, ಅರೆಬರೆ ದಹನದ ಕಾರ್ಬನ್ ಮೊನಾಕ್ಸೈಡ್ ಎಲ್ಲ ಒಟ್ಟಿಗೇ ಬರುತ್ತವೆ. ವೆಬರ್ ಕಂಪನಿ ಒಂದೇ ಮಾದರಿಯ ಗ್ರಿಲ್ಲನ್ನು ಎರಡು ಅನಿಲಗಳಿಗೆ ಎರಡು ಬೇರೆ ಸರಕಾಗಿ ಮಾರುವುದೂ, ಕೊಂಡ ಮೇಲೆ ಒಂದನ್ನು ಇನ್ನೊಂದಾಗಿಸಬೇಡಿ ಎನ್ನುವುದೂ ಇದಕ್ಕೇ. ಪರಿವರ್ತನೆಯ ಕಿಟ್ ಕೊಡುವ ಬೇರೆ ಕಂಪನಿಗಳೂ ಇವೆ. ಅದರಲ್ಲಿ ಜೆಟ್ಟುಗಳ ಜೊತೆ ರೆಗ್ಯುಲೇಟರೂ ಬದಲಾಗುತ್ತದೆ.

ಬೆಂಗಳೂರಿಗರಿಗೆ ಈ ಕಥೆ ಪೂರ್ತಿ ಹೊಸದಲ್ಲ. ದಾಭೋಳದಿಂದ ಬೆಳಗಾವಿ, ಧಾರವಾಡ ದಾಟಿ ಬರುವ ಸುಮಾರು ಸಾವಿರ ಕಿಲೋಮೀಟರಿನ ಗೇಲ್ ಕೊಳವೆ 2013ರಲ್ಲಿ ಚಾಲೂ ಆದ ಮೇಲೆ ನಗರದ ಬಡಾವಣೆಗಳಿಗೆ ಒಂದೊಂದಾಗಿ ಪೈಪಿನ ಗ್ಯಾಸ್ ಬಂತು. ಸಂಪರ್ಕ ಕೊಡಲು ಬಂದ ಹುಡುಗ ಎಲ್‌ಪಿಜಿ ಒಲೆಯನ್ನು ಮಗುಚಿ ಹಾಕಿ, ಜೆಟ್ ಬಿಚ್ಚಿ, ಬದಲಾಯಿಸಿದ್ದನ್ನೋ ತೂತು ಹಿಗ್ಗಿಸಿದ್ದನ್ನೋ ಎಷ್ಟೋ ಗೃಹಿಣಿಯರು ಪಕ್ಕದಲ್ಲೇ ನಿಂತು ನೋಡಿದ್ದಾರೆ. ‘ಉರಿ ಮೊದಲಿನ ಹಾಗಿಲ್ಲ’ ಎಂಬ ಗೊಣಗಾಟದ ಹಿಂದೆ ಎಷ್ಟೋ ಸಲ ಇರುವುದು ಸರಿ ಕೂರದ ಜೆಟ್ಟೇ.

ಎರಡನೆಯ ತೊಡಕು ಕಣ್ಣಿಗೆ ಕಾಣುವುದೇ ಇಲ್ಲ, ಅದು ಪೈಪಿನ ಲೆಕ್ಕ. ಅಮೆರಿಕದಲ್ಲಿ ಮನೆಯೊಳಗಿನ ಅನಿಲದ ಕೊಳವೆಗಳಿಗೆ ಎನ್‌ಎಫ್‌ಪಿಎ 54 ಎಂಬ ಸಂಹಿತೆ ಇದೆ. ಕೆನಡಾದಲ್ಲಿ ಸಿಎಸ್‌ಎ ಬಿ149.1. ಎರಡರಲ್ಲೂ ಪುಟಗಟ್ಟಲೆ ಕೋಷ್ಟಕಗಳು. ಅಮೆರಿಕದ ಕೋಷ್ಟಕದಲ್ಲಿ, ಅರ್ಧ ಅಂಗುಲದ ಕಬ್ಬಿಣದ ಪೈಪು 10 ಅಡಿ ಉದ್ದವಿದ್ದರೆ ಗಂಟೆಗೆ 172 ಘನ ಅಡಿ ಅನಿಲ ಸಾಗಿಸಬಲ್ಲದು. ಅದೇ ಪೈಪು 50 ಅಡಿ ಹೋದರೆ ಬರೀ 72. ಮುಕ್ಕಾಲು ಅಂಗುಲದ್ದಾದರೆ ಅದೇ 50 ಅಡಿಗೆ 151. ಕಾಲಂಗುಲ ದಪ್ಪವಾದ ಮಾತ್ರಕ್ಕೆ ಅನಿಲ ಇಮ್ಮಡಿ. ದೊಡ್ಡ ಗ್ರಿಲ್ಲೊಂದು ಪೂರ್ತಿ ಉರಿದರೆ ಗಂಟೆಗೆ 50 ಘನ ಅಡಿ ನುಂಗುತ್ತದೆ. ನೆಲಮಾಳಿಗೆಯಲ್ಲಿ ಹತ್ತಿರ ಸಿಕ್ಕಿತೆಂದು ಬಿಸಿನೀರಿನ ಹಂಡೆಯ ತೆಳು ಪೈಪಿಗೆ ಕವಲು ಹಾಕಿದರೆ ಇಬ್ಬರಿಗೂ ಅರೆಹೊಟ್ಟೆ.

ಇದರಲ್ಲಿ ಒಂದು ಮೋಸವಿದೆ. ಕವಲು ಹಾಕುವುದು ಬೇಸಿಗೆಯಲ್ಲಿ. ಆಗ ಫರ್ನೇಸ್ ಮಲಗಿರುತ್ತದೆ, ಪೈಪಿನ ಅನಿಲವೆಲ್ಲ ಗ್ರಿಲ್ಲಿಗೇ ಸಿಕ್ಕಿ ಜ್ವಾಲೆ ಸೊಗಸಾಗಿ ಏಳುತ್ತದೆ. ಮಾಡಿದವನಿಗೆ ತನ್ನ ಕೈಚಳಕದ ಮೇಲೆ ಹೆಮ್ಮೆ. ತಪ್ಪು ಗೊತ್ತಾಗುವುದು ಜನವರಿಯಲ್ಲಿ, ಹೊರಗೆ ಮೈನಸ್ ಹದಿನೈದು ಇರುವಾಗ ಫರ್ನೇಸೂ ಹಂಡೆಯೂ ಒಟ್ಟಿಗೆ ಉರಿಯುತ್ತಿದ್ದು, ಯಾರೋ ಉತ್ಸಾಹಿ ಗ್ರಿಲ್ಲನ್ನೂ ಹಚ್ಚಿದಾಗ. ಇಂಥದ್ದು ನಡೆಯಬಾರದೆಂದೇ ಒಂಟಾರಿಯೊದಲ್ಲಿ ಈ ಕೆಲಸಕ್ಕೆ ಸುರಕ್ಷತಾ ಪ್ರಾಧಿಕಾರವಾದ ಟಿಎಸ್‌ಎಸ್‌ಎಯಲ್ಲಿ ನೋಂದಾಯಿಸಿದ ಗುತ್ತಿಗೆದಾರರೇ ಬರಬೇಕು. ಅವರು ಮೊದಲು ಕೈಹಾಕುವುದು ಸ್ಪ್ಯಾನರಿಗಲ್ಲ, ಮನೆಯ ಅನಿಲದ ಉಪಕರಣಗಳ ತಗಡುಪಟ್ಟಿ ಓದುವುದಕ್ಕೆ. ಯಾವುದಕ್ಕೆಷ್ಟು ಬೇಕು ಎಂದು ಕೂಡಿಸಿಕೊಂಡು ಆಮೇಲೆ ಪೈಪಿನ ದಪ್ಪ ಹೇಳುತ್ತಾರೆ.

ಜೋಡಣೆ ಮುಗಿದ ಮೇಲೆ ಪೈಪಿಗೆ ಗಾಳಿ ತುಂಬಿ, ಮಾಪಕದ ಮುಳ್ಳು ಇಳಿಯುತ್ತದೋ ಎಂದು ಕಾಯುತ್ತಾರೆ. ಕೀಲುಗಳಿಗೆ ಸೋಪಿನ ನೀರು ಬಳಿಯುತ್ತಾರೆ. ಎಲ್ಲಾದರೂ ಗುಳ್ಳೆ ಊದಿಕೊಂಡರೆ ಆ ಕೀಲು ಮತ್ತೆ ಬಿಚ್ಚಬೇಕು. ಇಷ್ಟು ದುಬಾರಿ ಸಲಕರಣೆಗಳ ಮಧ್ಯೆ ಕೊನೆಯ ತೀರ್ಪು ಪಾತ್ರೆ ತೊಳೆಯುವ ಸೋಪಿನದು.

ಬೇರೆಯವರ ಪೈಪಿಗೆ ಕವಲು ಹಾಕಿ ಉಳಿತಾಯ ಮಾಡಹೋದ ಒಂದು ಶಾಲೆಯ ಕಥೆ ಈ ಕಸುಬಿನವರಿಗೆಲ್ಲ ಗೊತ್ತು. ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಎಣ್ಣೆಬಾವಿಗಳ ಊರು. 1937ರ ಆರಂಭದಲ್ಲಿ ಅಲ್ಲಿನ ಶಾಲೆ ಅನಿಲದ ಖರ್ಚು ಉಳಿಸಲು, ತೈಲ ಕಂಪನಿಯೊಂದು ಹೇಗಿದ್ದರೂ ಉರಿಸಿ ಬಿಸಾಡುತ್ತಿದ್ದ ಉಳಿಕೆ ಅನಿಲದ ಪೈಪಿಗೆ ಕವಲು ಹಾಕಿಸಿಕೊಂಡಿತು. ಆ ಸೀಮೆಯಲ್ಲಿ ಎಷ್ಟೋ ಮನೆಗಳವರು ಮಾಡುತ್ತಿದ್ದುದೂ ಅದನ್ನೇ. ಸೋರಿದ ಅನಿಲ ಕಟ್ಟಡದ ನೆಲದಡಿಯ ಪೊಳ್ಳಿನಲ್ಲಿ ತುಂಬಿಕೊಂಡಿತು. ಅದಕ್ಕೆ ವಾಸನೆ ಇರಲಿಲ್ಲ, ಯಾರಿಗೂ ಸುಳಿವು ಸಿಗಲಿಲ್ಲ. ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ, ಕರಕುಶಲ ತರಗತಿಯಲ್ಲಿ ಮರ ಉಜ್ಜುವ ಯಂತ್ರದ ಸ್ವಿಚ್ಚಿನಿಂದ ಕಿಡಿ ಹಾರಿತು. ಸತ್ತವರು ಮುನ್ನೂರರ ಹತ್ತಿರ, ಬಹುಪಾಲು ಮಕ್ಕಳು. ಕೆಲವೇ ವಾರಗಳಲ್ಲಿ ಟೆಕ್ಸಾಸ್ ಸರ್ಕಾರ ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯ ಮಾಡಿತು. ಇಂದು ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುವ ಆ ಕೊಳೆತ ಕೋಸಿನ ನಾತ ಗ್ಯಾಸಿನದ್ದಲ್ಲ, ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ ಜಾತಿಯ ರಾಸಾಯನಿಕದ್ದು.

ಇಷ್ಟೆಲ್ಲ ಉಸಾಬರಿಯ ನಂತರವೂ ಜನ ಪೈಪು ಹಾಕಿಸುತ್ತಾರೆ, ಸಕಾರಣವಾಗಿಯೇ. ಒಂಬತ್ತು ಕಿಲೋ ಪ್ರೊಪೇನ್ ಹಿಡಿಯುವ ಸಿಲಿಂಡರ್ ದೊಡ್ಡ ಗ್ರಿಲ್ಲನ್ನು ಪೂರ್ತಿ ಉರಿಯಲ್ಲಿ ಎಂಟು ಹತ್ತು ಗಂಟೆ ನಡೆಸೀತು, ಅಷ್ಟೇ. ಚಳಿಗಾಲದಲ್ಲಿ ಅದಕ್ಕೂ ಸೋಮಾರಿತನ. ಪ್ರೊಪೇನ್ ದ್ರವ ಅನಿಲವಾಗುವುದು ಮೈನಸ್ 42 ಡಿಗ್ರಿಗೆ ಮೇಲೆ. ಹವೆ ಅತ್ತ ಜಾರಿದಷ್ಟೂ ಸಿಲಿಂಡರಿನೊಳಗಿನ ಒತ್ತಡ ಬೀಳುತ್ತದೆ, ಉರಿ ಸೊರಗುತ್ತದೆ. ಪೈಪಿನ ಅನಿಲಕ್ಕೆ ಆ ಹಂಗಿಲ್ಲ. ಇನ್ನು ಟೊರಾಂಟೊದ ಗಗನಚುಂಬಿಗಳಲ್ಲಿ ಬಾಲ್ಕನಿಗೆ ಸಿಲಿಂಡರ್ ಒಯ್ಯಲು ನೂರೆಂಟು ನಿರ್ಬಂಧ. ಹಾಗಾಗಿ ‘ಟೆರೇಸಿನಲ್ಲಿ ಬಾರ್ಬೆಕ್ಯೂಗೆ ಗ್ಯಾಸ್ ಪೈಪು ಇದೆ’ ಎಂಬ ಒಂದು ಸಾಲು ಫ್ಲಾಟಿನ ಜಾಹೀರಾತಿನಲ್ಲಿ ನಮ್ಮೂರಿನ ‘ಕಾವೇರಿ ನೀರು ಉಂಟು’ ಎಂಬ ಸಾಲಿನಷ್ಟೇ ಜಂಬದಿಂದ ಕೂತಿರುತ್ತದೆ.

ಒಂದು ಸ್ವಾತಂತ್ರ್ಯ ಮಾತ್ರ ಹೋಗುತ್ತದೆ. ಚಕ್ರವಿದ್ದರೂ ಗ್ರಿಲ್ ಇನ್ನು ಗೂಟಕ್ಕೆ ಕಟ್ಟಿದ ಹಸು. ಗೋಡೆಯ ಕವಾಟದಿಂದ ‘ಟಕ್’ ಎಂದು ಸಿಕ್ಕಿಸಿ ಬಿಚ್ಚುವ ಹೋಸು ಸಾಮಾನ್ಯವಾಗಿ ಹತ್ತು ಹನ್ನೆರಡು ಅಡಿ. ಹೀಗಾಗಿ ಗೋಡೆಯಲ್ಲಿ ತೂತು ಎಲ್ಲಿ ಕೊರೆಯಬೇಕೆಂಬುದೇ ಕನ್ನಡದ ಮನೆಗಳಲ್ಲಿ ದೊಡ್ಡ ಚರ್ಚೆ. ಯಜಮಾನನಿಗೆ ಅದು ಹುಲ್ಲುಹಾಸಿನ ತುದಿಯ ಮೇಪಲ್ ಮರದ ಕಡೆಗಿರಬೇಕು, ಸ್ನೇಹಿತರು ಕೂರುವ ಜಾಗ. ಊರಿಂದ ಆರು ತಿಂಗಳಿಗೆ ಬಂದ ಅಮ್ಮನ ಕಣ್ಣು ಗ್ರಿಲ್ಲಿನ ಪಕ್ಕದ ಪುಟ್ಟ ಬರ್ನರಿನ ಮೇಲೆ. ಒಳಗೆ ಮೆಣಸಿನಕಾಯಿ ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಾಂ ಬಡಕೊಂಡು, ಸೊಸೆ ಟವೆಲ್ ಬೀಸುತ್ತ ಓಡಿಬರುವುದು ಸಾಕಾಗಿದೆ ಅವರಿಗೆ. ತಂತ್ರಜ್ಞ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮೂವರ ಮುಖವನ್ನೂ ನೋಡುತ್ತಾನೆ. ಅಮ್ಮ ಅಡುಗೆಮನೆಯ ಹಿಂಬಾಗಿಲ ಹೊಸ್ತಿಲಲ್ಲೇ ನಿಂತು, ಬರದ ಇಂಗ್ಲಿಷನ್ನು ಬದಿಗಿಟ್ಟು, ಕೈಸನ್ನೆಯಲ್ಲೇ ‘ಇನ್ನೆರಡು ಅಡಿ ಈಚೆ’ ಎನ್ನುತ್ತಾರೆ. ಅವನು ಹಳೆಯ ಗುರುತು ಒರೆಸುತ್ತಾನೆ.