ರಚನೆಯೂ ಕ್ರಿಯೆಯೂ ಒಂದೇ ಪಟದಲ್ಲಿ

ಇಳಕಲ್ಲಿನಲ್ಲಾಗಲಿ ಹುನಗುಂದದಲ್ಲಾಗಲಿ, ವರ್ಷಗಟ್ಟಲೆ ಮಾತ್ರೆಗಳನ್ನು ತಪ್ಪದೆ ನುಂಗಿಯೂ ಮೂರ್ಛೆರೋಗದಿಂದ ಬಿಡುಗಡೆ ಹೊಂದದವರನ್ನು ಮನೆಯವರು ಮೊದಲು ಬಾಗಲಕೋಟೆಯ ಆಸ್ಪತ್ರೆಗೂ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸಿಗೂ ಕರೆದೊಯ್ಯುವುದು ನಮ್ಮ ಸೀಮೆಯಲ್ಲಿ ಹೊಸತಲ್ಲ. ಜಗತ್ತಿನಾದ್ಯಂತ ಈ ರೋಗವುಳ್ಳವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಔಷಧವೊಂದರಿಂದಲೇ ಹತೋಟಿ ಸಾಧ್ಯವಾಗದು. ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವುಂಟು. ಆದರೆ ಮಿದುಳಿನ ಯಾವ ಎಡೆಯಲ್ಲಿ ಆ ಕ್ಷೋಭೆ ಉದ್ಭವಿಸುತ್ತಿದೆಯೆಂಬುದು ನಿಶ್ಚಯವಾಗದೆ ಶಸ್ತ್ರವೈದ್ಯನು ಕೈಯಿಡಲಾರನು. ಆ ನಿಶ್ಚಯಕ್ಕೆ ನೆರವಾಗುವ ಸಾಧನಗಳಲ್ಲಿ ನಿಮ್ಹಾನ್ಸಿನಲ್ಲಿರುವ ಪೆಟ್-ಎಂ.ಆರ್.ಐ. ಯಂತ್ರವೂ ಒಂದು.

ಎಂ.ಆರ್.ಐ. ಪ್ರಬಲವಾದ ಅಯಸ್ಕಾಂತದ ಬಲದಿಂದ ಅಂಗದ ರಚನೆಯನ್ನು ಸೂಕ್ಷ್ಮವಾಗಿ ಚಿತ್ರಿಸುತ್ತದೆ. ಆದರೆ ರಚನೆ ನಿರ್ದೋಷವಾಗಿ ಕಂಡೂ ಕ್ರಿಯೆ ಕೆಟ್ಟಿರಬಹುದು. ಪೆಟ್ ಕ್ರಿಯೆಯನ್ನೇ ಅರಸುತ್ತದೆ. ವಿಕಿರಣಶೀಲ ಫ್ಲೋರಿನ್-18 ಸೇರಿಸಿದ, ಸಕ್ಕರೆಯಂಥ ದ್ರವ್ಯವನ್ನು ರಕ್ತನಾಳದಲ್ಲಿ ಹೊಗಿಸಿದರೆ, ಅದನ್ನು ಹೀರಿಕೊಂಡ ಜೀವಕೋಶಗಳಿಂದ ಹೊಮ್ಮುವ ಪಾಸಿಟ್ರಾನು ಎಲೆಕ್ಟ್ರಾನನ್ನು ಸಂಧಿಸಿ ನಾಶವಾಗುವ ಕ್ಷಣದಲ್ಲಿ ಎರಡು ಗಾಮಾ ಕಿರಣಗಳು ಪರಸ್ಪರ ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತವೆ. ಸುತ್ತಲಿನ ಶೋಧಕಗಳು ಅವನ್ನು ಹಿಡಿದು ಮೂಲಸ್ಥಾನವನ್ನು ಗಣಿಸುತ್ತವೆ. ಆಶ್ಚರ್ಯವೆಂದರೆ, ಮೂರ್ಛೆಯ ಮೂಲವಾದ ಭಾಗವು ಸೆಳವು ಇಲ್ಲದ ಹೊತ್ತಿನಲ್ಲಿ ಸಕ್ಕರೆಯನ್ನು ಕಡಿಮೆ ಹೀರುವುದರಿಂದ, ಅದು ಪಟದಲ್ಲಿ ಮಂಕಾಗಿಯೇ ಕಾಣುತ್ತದೆ.

ಇವೆರಡನ್ನೂ ಒಂದೇ ಕೊಳವೆಯೊಳಗೆ ಕೂಡಿಸುವುದು ಸುಲಭವಾಗಿರಲಿಲ್ಲ. ಪೆಟ್‌ನ ಹಳೆಯ ಶೋಧಕ ನಳಿಕೆಗಳು, ಭೂಮಿಯ ಕಾಂತಬಲಕ್ಕಿಂತ ಹತ್ತಾರು ಸಾವಿರ ಪಟ್ಟು ಪ್ರಬಲವಾದ ಕ್ಷೇತ್ರದಲ್ಲಿ ದಿಕ್ಕೆಡುತ್ತಿದ್ದವು. ಕಾಂತಕ್ಕೆ ಅಂಜದ ಅರೆವಾಹಕ ಶೋಧಕಗಳು ಬಂದ ಮೇಲೆ, 2010ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ, ಇಡೀ ದೇಹದ ಎರಡೂ ಚಿತ್ರಗಳನ್ನು ಏಕಕಾಲದಲ್ಲಿ ತೆಗೆಯುವ ಯಂತ್ರ ಸ್ಥಾಪಿತವಾಯಿತು. ಇಳಕಲ್ಲಿನ ನೇಕಾರನು ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಕೊಂಡಿ ಹಾಕಿ ಒಂದೇ ಸೀರೆಯಾಗಿಸುವಂತೆ, ಇಲ್ಲಿ ರಚನೆಯೂ ಕ್ರಿಯೆಯೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಪೆಟ್-ಸಿ.ಟಿ. ಯಂತ್ರದಲ್ಲಿರುವ ಸಿ.ಟಿ.ಯ ವಿಕಿರಣ ಇಲ್ಲಿ ತಪ್ಪುವುದರಿಂದ ಮಕ್ಕಳಿಗೆ ಇದು ವಿಶೇಷವಾಗಿ ಹಿತಕರ.

ಇಂಥದೊಂದು ಯಂತ್ರ ಬಾದಾಮಿಯಲ್ಲೋ ಬಾಗಲಕೋಟೆಯಲ್ಲೋ ಏಕಿರಬಾರದೆಂಬ ಪ್ರಶ್ನೆ ನ್ಯಾಯವಾದದ್ದೇ. ಹಣವೊಂದೇ ಅಡ್ಡಿಯಲ್ಲ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೊಮ್ಮೆ ಅರ್ಧದಷ್ಟು ಕ್ಷಯಿಸುತ್ತದೆ. ಬೆಂಗಳೂರಿನ ಸೈಕ್ಲೊಟ್ರಾನಿನಲ್ಲಿ ತಯಾರಾದದ್ದು ರಸ್ತೆಯ ಮೇಲೆ ಎಂಟು ತಾಸು ಸವೆಸಿ ಬಂದರೆ ಹದಿನಾರನೆಯ ಒಂದು ಪಾಲೂ ಉಳಿಯದು. ಉತ್ತರ ಕರ್ನಾಟಕದ ಬಡರೋಗಿಗಳಿಗೆ ಸಮೀಪದಲ್ಲಿಯೇ ಈ ಸೌಕರ್ಯ ದೊರೆಯಬೇಕಾದರೆ ಯಂತ್ರದ ಜೊತೆಗೆ ದ್ರವ್ಯದ ಉತ್ಪಾದನೆಯೂ ಸಮೀಪಕ್ಕೆ ಬರಬೇಕು. ಸರ್ಕಾರ ಇದನ್ನು ಕೂಡಿಯೇ ಆಲೋಚಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಪೆಟ್ ಅನ್ನು ಕ್ಯಾನ್ಸರಿಗೂ ಬಳಸುವರಾದರೂ, ಬಹಳಷ್ಟು ಕ್ಯಾನ್ಸರುಗಳಿಗೆ ಪೆಟ್-ಸಿ.ಟಿ.ಯೇ ಸಾಕು. ಬೇಕೆಂದು ವೈದ್ಯರು ಹೇಳಿದವರು ಹಳೆಯ ಎಂ.ಆರ್.ಐ. ಪಟಗಳನ್ನೂ ಔಷಧದ ಚೀಟಿಗಳನ್ನೂ ತಪ್ಪದೆ ಒಯ್ಯಿರಿ; ಮಧುಮೇಹವಿದ್ದರೆ, ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ತುಣುಕು ಇದ್ದರೆ ಮೊದಲೇ ತಿಳಿಸಿರಿ; ವೈದ್ಯರು ಹೇಳದೆ ಮೂರ್ಛೆಯ ಮಾತ್ರೆಗಳನ್ನು ಒಂದು ದಿನವೂ ನಿಲ್ಲಿಸಬೇಡಿರಿ.